ಅಕ್ಕನ ಮಗಳ ರಕ್ತ

ಹೋದ ತಿಂಗಳು ಅವಳು ತೀರಿಕೊಂಡಳು. ಅವಳ ಬಾಲವಾಡಿಯಲ್ಲಿ ಕೂತು ಹಾಡು ಕಲಿತ ಮಕ್ಕಳು ಈಗ ಮೊಮ್ಮಕ್ಕಳನ್ನು ಕಂಡಿದ್ದಾರೆ. ಅವರೆಲ್ಲ ಸೇರಿ ಬೂದಿಗೆರೆಯ ಸ್ಕೂಲಿನ ಅಂಗಳದಲ್ಲಿ ಶಾಮಿಯಾನ ಹಾಕಿಸಿ, ಫೋಟೋಗೆ ಹಾರ ಹಾಕಿ, ಮೈಕಿನಲ್ಲಿ ಮಾತಾಡಿದರು. ತ್ಯಾಗಮಯಿ ಅಂದರು, ಊರಿಗೇ ತಾಯಿ ಅಂದರು, ಸೋದರಮಾವನಿಗೆ ಮೂಳೆಯೊಳಗಿನ ರಸವನ್ನೇ ತೆಗೆದು ಕೊಟ್ಟ ಪುಣ್ಯಾತ್ಮಳು ಅಂದರು. ನನ್ನ ಕೈಗೂ ಮೈಕು ಕೊಡೋಕೆ ಬಂದರು. ಮಂಡಿನೋವು ಅಂತ ಹೇಳಿ ಕೂತಲ್ಲೇ ಕೂತೆ. ಎದ್ದಿದ್ದರೆ ನಿಜ ಹೇಳಬೇಕಾಗುತ್ತಿತ್ತು. ನಿಜ ಏನಂದರೆ, ಅವಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಆಗಲೂ ಇತ್ತು, ಈಗಲೂ ಇದೆ. ಸತ್ತವರ ಮೇಲೆ ಹೊಟ್ಟೆಕಿಚ್ಚು ಪಡಬಾರದು ಅಂತಾರೆ. ಹೇಳೋರಿಗೇನು, ಬಾಯಿದೆ, ಹೇಳ್ತಾರೆ.

ಅವಳು ನಮ್ಮ ಯಜಮಾನರ ಅಕ್ಕನ ಮಗಳು. ಹೆಸರು ಬರೆಯೋದಿಲ್ಲ. ಬರೆದರೆ ಆ ಮೈಕಿನವರೆಲ್ಲ ನನ್ನ ಮನೆ ಮುಂದೆ ಬಂದು ನಿಂತಾರು.

ನಮ್ಮ ಕಡೆ ಅಕ್ಕನ ಮಗಳು ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಹೆಣ್ಣು ಮಗು ಹುಟ್ಟಿದ ದಿನವೇ ತಾಯಿಯ ತಮ್ಮನನ್ನು ಕರೆದು, "ನೋಡ್ಲಾ, ನಿನ್ ಹೆಂಡ್ರು ಬಂದವ್ಳೆ" ಅನ್ನೋರು. ಇವಳು ಹುಟ್ಟಿದಾಗ ನಮ್ಮವರಿಗೆ ಹತ್ತೋ ಹನ್ನೊಂದೋ. ನಾಚಿಕೊಂಡು ದನದ ಕೊಟ್ಟಿಗೆಯಲ್ಲಿ ಬಚ್ಚಿಟ್ಟುಕೊಂಡರಂತೆ. ಆಮೇಲೆ ಅದೇ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಊರೆಲ್ಲ ಮೆರೆಸಿದರಂತೆ. ಈ ಕತೆಯನ್ನು ನನಗೆ ಹೇಳದವರು ಆ ಊರಿನಲ್ಲಿ ಒಬ್ಬರೂ ಇಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ನೀರಿಗೆ ಹೋದರೂ ಅದೇ ಕತೆ, ರಾಗಿ ಬೀಸೋಕೆ ಹೋದರೂ ಅದೇ ಕತೆ.

ಹಾಗಿದ್ದ ಮೇಲೆ ನನ್ನನ್ನು ಯಾಕೆ ತಂದರು ಅಂತ ಕೇಳಬೇಡಿ, ಹೇಳ್ತೀನಿ. ನಮ್ಮವರು ಊರಿನಿಂದಲೇ ಓಡಾಡಿಕೊಂಡು ಬೆಂಗಳೂರಿನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಅಲ್ಲಿನ ಡಾಕ್ಟರೊಬ್ಬರು ಇವರನ್ನು ಕೂರಿಸಿಕೊಂಡು, ಮನೆಯೊಳಗೇ ಕೊಟ್ಟು ತಂದರೆ ಹುಟ್ಟೋ ಮಕ್ಕಳಿಗೆ ಒಂದಲ್ಲ ಒಂದು ಐಬು ಬರುತ್ತೆ, ಹೊರಗಿನ ಹೆಣ್ಣು ತಗೋ ಅಂತ ಬುದ್ಧಿ ಹೇಳಿದರಂತೆ. ಇವರು ಆ ಮಾತನ್ನು ತಲೆಗೆ ಹಾಕಿಕೊಂಡರು. ಹೊಸಕೋಟೆಯಿಂದ ನನ್ನನ್ನು ತಂದರು. ನಮ್ಮ ಮನೆಗೂ ಅವರ ಮನೆಗೂ ಏಳು ತಲೆಮಾರಿನಲ್ಲಿ ಕೊಟ್ಟು ತಂದಿದ್ದಿಲ್ಲ. ಮಕ್ಕಳು ಚೆನ್ನಾಗಿರಲಿ ಅಂತ ನನ್ನನ್ನು ತಂದರು, ನನಗೆ ಮಕ್ಕಳೇ ಆಗಲಿಲ್ಲ. ಊರಿನವರು ಇದನ್ನೂ ಸೇರಿಸಿಕೊಂಡು ಕತೆ ಹೇಳೋಕೆ ಶುರು ಮಾಡಿದರು.

ಸೋದರಮಾವ ಹೊರಗಿನ ಹೆಣ್ಣು ತಂದರೆ, ಧಾರೆಗೆ ಮುಂಚೆ ಅಕ್ಕನ ಮಗಳಿಗೆ ಒಂದು ಸೀರೆ ಉಡಿಸಿ, ಎಲೆ ಅಡಿಕೆ ಕೊಟ್ಟು, ಅವಳ ಬಾಯಲ್ಲಿ "ಬಿಟ್ಟೆ" ಅನ್ನಿಸಬೇಕು. ಅವರ ಮನೆತನದಲ್ಲಿ ಅದೊಂದು ಶಾಸ್ತ್ರ. ನಮ್ಮ ಮದುವೆಯಲ್ಲಿ ಅದು ನಡೆಯಲಿಲ್ಲ. ನಮ್ಮ ಅತ್ತಿಗೆ, ಅಂದರೆ ಅವಳ ತಾಯಿ, ನನ್ನ ಮಗಳ ಹಕ್ಕನ್ನ ಒಂದು ಸೀರೆಗೆ ಮಾರ್ಕೊಳ್ಳಲ್ಲ ಅಂತ ಸೀರೆಯನ್ನು ಎಸೆದು ಚಪ್ಪರದಿಂದ ಎದ್ದು ಹೋದರು. ಹುಡುಗಿ ಮಾತ್ರ ಹೋಗಲಿಲ್ಲ. ಆಗ ಹದಿನಾರು ಹದಿನೇಳು ಇರಬೇಕು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಪಂಕ್ತಿಯಲ್ಲಿ ಬಡಿಸುತ್ತಿದ್ದಳು. ನನ್ನ ಎಲೆಗೆ ಬೇಡ ಬೇಡ ಅಂದರೂ ಇನ್ನೊಂದು ಒಬ್ಬಟ್ಟು ಹಾಕಿ, ತಿನ್ನಿ ಅತ್ತೆ, ತುಂಬಾ ಸಣ್ಣಗಿದ್ದೀರ ಅಂದಳು. ನನಗಿಂತ ಮೂರು ನಾಲ್ಕು ವರ್ಷಕ್ಕೆ ಚಿಕ್ಕವಳು, ತಾಳಿ ಬಿದ್ದ ದಿನವೇ ನನ್ನನ್ನು ಅತ್ತೆ ಮಾಡಿ ಕೂರಿಸಿದಳು.

ನೋಡೋಕೆ ಉದ್ದಕ್ಕೆ ಕಪ್ಪಗಿದ್ದಳು. ಮೂಗು ನಮ್ಮವರದೇ, ಕಿವಿಯೂ ಅವರದೇ. ಹೆಂಗಸರು ಹಾಕದಂಥ ದಾಪುಗಾಲು ಹಾಕುತ್ತಿದ್ದಳು. ಮುಂದಿನ ಹಲ್ಲು ಒಂದರ ಮೇಲೊಂದು ಹತ್ತಿಕೊಂಡಿದ್ದವು, ಅದಕ್ಕೆ ನಗುವಾಗ ಬಾಯಿಗೆ ಕೈ ಅಡ್ಡ ಇಡೋಳು. ಸೀನಿದರೆ ಒಂದಕ್ಕೆ ನಿಲ್ಲುತ್ತಿರಲಿಲ್ಲ, ಸಾಲಾಗಿ ಸೀನಿ ಕೊನೆಗೆ "ಅಪ್ಪಾ ದೇವ್ರೇ" ಅನ್ನೋಳು. ನಮ್ಮವರೂ ಹಾಗೇ ಸೀನುತ್ತಿದ್ದರು, ಹಾಗೇ ಅನ್ನುತ್ತಿದ್ದರು. ಇಬ್ಬರೂ ಒಂದೇ ಜಗಲಿಯ ಮೇಲೆ ಕೂತು ಸೀನುವಾಗ ನಾನು ಒಳಗೆ ಒಗ್ಗರಣೆಗೆ ಇನ್ನೂ ಎರಡು ಮೆಣಸಿನಕಾಯಿ ಹಾಕುತ್ತಿದ್ದೆ.

ಎಲ್ಲಕ್ಕೂ ಅವಳದು ಒಂದೇ ಮಾತು, ಅದಕ್ಕೇನಂತೆ. ಹೆಣ್ಣು ನೋಡೋಕೆ ಬಂದವರು ವಾಪಸು ಹೋದರೆ ಅದಕ್ಕೇನಂತೆ. ಬಾಲವಾಡಿ ಸಂಬಳ ನಿಂತರೆ ಅದಕ್ಕೇನಂತೆ. ಬಂದ ಗಂಡುಗಳು ಒಂದಿಬ್ಬರಲ್ಲ. ಜಡಿಗೇನಹಳ್ಳಿ ಕಡೆಯಿಂದ ಒಬ್ಬ ಮೇಷ್ಟ್ರು ಬಂದಿದ್ದ, ಲಕ್ಷಣವಾಗಿದ್ದ, ನಾನೇ ಮುಂದೆ ನಿಂತು ಮಾತಾಡಿದೆ. ಅವಳು ಇನ್ನೊಂದು ಊರಿಗೆ ಹೋದರೆ ಸಾಕಾಗಿತ್ತು ನನಗೆ. ಅವನ ಎದುರಿಗೆ ಕಾಫಿ ಲೋಟ ಇಟ್ಟು, ನನಗೆ ಬಾಲವಾಡಿ ಬಿಡೋಕಾಗಲ್ಲ, ಕ್ಷಮಿಸಿ ಅಂತ ಹೇಳಿ ಎದ್ದು ಹೋದಳು. ಊರಿನವರು ಮಕ್ಕಳ ಮೇಲೆ ಎಷ್ಟು ಪ್ರೀತಿ ನೋಡಿ ಅಂದರು. ನನಗೆ ಗೊತ್ತಿತ್ತು ಯಾರ ಮೇಲೆ ಎಷ್ಟು ಪ್ರೀತಿ ಅಂತ.

ಸೈಕಲ್ಲಿನ ಸಂಗತಿ ಹೇಳದಿದ್ದರೆ ನನಗೆ ನಿದ್ದೆ ಬರಲ್ಲ. ಆ ಕಾಲದಲ್ಲಿ ನಮ್ಮ ಕಡೆ ಸೀರೆ ಉಟ್ಟು ಸೈಕಲ್ ಹೊಡೆದ ಹೆಂಗಸು ಅವಳೊಬ್ಬಳೇ. ಕಲಿಸಿದ್ದು ನಮ್ಮವರು. ಭಾನುವಾರ ಬಂತೆಂದರೆ ಕೆರೆ ಏರಿಯ ಮೇಲೆ ಅವಳು ಮುಂದೆ, ಇವರು ಹಿಂದೆ ಸೀಟು ಹಿಡಿದುಕೊಂಡು ಓಡುತ್ತಾ. ನನಗೂ ಕಲಿಸಿ ಅಂದೆ. "ನಿನಗ್ಯಾಕೆ, ನಾನಿಲ್ವಾ ಕರ್ಕೊಂಡು ಹೋಗೋಕೆ" ಅಂದರು. ಕೇಳೋಕೆ ಎಷ್ಟು ಚೆನ್ನಾಗಿದೆ! ಆದರೆ ಅವಳು ದೇವನಹಳ್ಳಿ ಸಂತೆಗೆ ತಾನೇ ತುಳಿದುಕೊಂಡು ಹೋಗಿ ಬರುವಾಗ ನಾನು ಬಸ್ಸಿಗೆ ಕಾದುಕೊಂಡು ಮರದ ಕೆಳಗೆ ನಿಂತಿರುತ್ತಿದ್ದೆ. ಬೆಲ್ ಹೊಡೆದು ಕೈ ಬೀಸಿ ಹೋಗೋಳು.

ಇನ್ನೊಂದಿದೆ. ನಾನು ಅವರನ್ನು ರೀ ಅನ್ನುತ್ತಿದ್ದೆ, ಬನ್ನಿ ಹೋಗಿ ಅನ್ನುತ್ತಿದ್ದೆ. ಅವಳು ಮಾವ, ನೀನು, ಬಾ, ಹೋಗು. ಚಿಕ್ಕಂದಿನಿಂದ ಬಂದ ಅಭ್ಯಾಸ, ಅದಕ್ಕೇನು ಮಾಡೋದು ಅನ್ನಬಹುದು. ಒಂದು ಸಲ ಕೋಣೆಯ ಬಾಗಿಲು ಹಾಕಿಕೊಂಡು ನಾನೂ ನೀನು ಅಂತ ಅಂದು ನೋಡಿದೆ, ಅವರು ಇಲ್ಲದ ಹೊತ್ತಿನಲ್ಲಿ. ನಾಲಗೆ ಒಗ್ಗಲಿಲ್ಲ.

ಎಪ್ಪತ್ತರ ದಶಕದ ಅರ್ಧ ಕಳೆದಿರಬೇಕು, ಆಗ ಅವರಿಗೆ ಕಾಯಿಲೆ ಬಂತು. ಹಲ್ಲುಜ್ಜಿದರೆ ವಸಡಿನಲ್ಲಿ ರಕ್ತ. ನಮ್ಮ ತೋಟದ ದ್ರಾಕ್ಷಿ ಚಪ್ಪರದ ತಂತಿ ಮೈಗೆ ತಗುಲಿದರೆ ಅಂಗೈಯಗಲ ನೀಲಿ. ಜಗಲಿ ಹತ್ತಿದರೆ ಸುಸ್ತು. ಕಾರ್ಖಾನೆಯವರು ಪೇಟೆಯ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಮೂಳೆಯೊಳಗೆ ರಕ್ತ ಹುಟ್ಟೋ ಜಾಗವೇ ಒಣಗಿ ಹೋಗಿದೆ ಅಂದರು. ಹಿಂದೆ ಟೈಫಾಯಿಡ್ ಬಂದಾಗ ನುಂಗಿದ ಮಾತ್ರೆಯಿಂದಲೋ, ದ್ರಾಕ್ಷಿಗೆ ಹೊಡೆಯೋ ಔಷಧಿಯಿಂದಲೋ, ಹುಟ್ಟಿನಿಂದಲೋ, ಯಾರಿಗೂ ತಿಳಿಯಲಿಲ್ಲ. ಬಾಟ್ಲಿ ಬಾಟ್ಲಿ ರಕ್ತ ಹಾಕಿದರು, ಅದು ಕಲ್ಲಿನ ಮೇಲೆ ಸುರಿದ ನೀರಿನ ಹಾಗೆ ಹೋಗುತ್ತಿತ್ತು.

ಹೊರದೇಶದಲ್ಲಿ ಕಲಿತು ಬಂದಿದ್ದ ಚಿಕ್ಕ ವಯಸ್ಸಿನ ಡಾಕ್ಟರೊಬ್ಬರು ಅಲ್ಲಿದ್ದರು. ಒಂದೇ ದಾರಿ ಇದೆ ಅಂದರು. ಹೊಂದುವಂಥ ಇನ್ನೊಬ್ಬರ ಸೊಂಟದ ಮೂಳೆಯಿಂದ ಮಜ್ಜೆ ತೆಗೆದು ಇವರಿಗೆ ಹಾಕಬೇಕು. ಇಲ್ಲಿ ಮಾಡಿದವರಿಲ್ಲ, ಆದರೆ ಮಾಡಬಹುದು, ಮಾಡದಿದ್ದರೆ ಹೇಗೂ ಉಳಿಯಲ್ಲ ಅಂತ ಮುಖದ ಮೇಲೇ ಹೇಳಿದರು. ಒಡಹುಟ್ಟಿದವರದು ಹೊಂದಬಹುದಂತೆ. ಇವರಿಗೆ ಒಡಹುಟ್ಟಿದವರು ಅಂತ ಇದ್ದಿದ್ದು ಅಕ್ಕ ಒಬ್ಬರೇ. ಅವರದು ಹೊಂದಲಿಲ್ಲ. ನಾನು ಡಾಕ್ಟರ ಮುಂದೆ ಕೈ ಚಾಚಿ ನನ್ನದು ತಗೊಳ್ಳಿ ಅಂದೆ. ಆತ ನಕ್ಕರು. "ಅಮ್ಮಾ, ಗಂಡ ಹೆಂಡ್ತಿಗೆ ಹೊಂದೋದು ಜಾತಕ. ಇದು ಹೊಂದಲ್ಲ" ಅಂದರು. ಹೊಂದಿದರೂ ಹೊಂದಬಹುದು, ನೋಡಿ ಅಂತ ಹಟ ಹಿಡಿದೆ. ನನ್ನ ಸಮಾಧಾನಕ್ಕೆ ನೋಡಿದರು. ಯಾವುದೂ ಹೊಂದಲಿಲ್ಲ. ಅಷ್ಟು ವರ್ಷ ಸಂಸಾರ ಮಾಡಿದ ಮೈ, ಪರೀಕ್ಷೆಗೆ ಇಟ್ಟರೆ ದಾರಿಹೋಕಳ ಮೈಯಷ್ಟೇ ದೂರ.

ಅವಳದು ಹೊಂದಿತು. ಅಂಥಿಂಥ ಹೊಂದಿಕೆಯಲ್ಲ, ಅಚ್ಚಿನಲ್ಲಿ ತೆಗೆದ ಹಾಗೆ. ಡಾಕ್ಟರಿಗೇ ಆಶ್ಚರ್ಯ. ನಿಮ್ಮಲ್ಲಿ ಮೂರು ತಲೆಮಾರಿನಿಂದ ಮನೆಯೊಳಗೇ ಕೊಟ್ಟು ತಂದಿದ್ದೀರಲ್ಲ, ಸುತ್ತಿ ಸುತ್ತಿ ಅದೇ ರಕ್ತ ಸೇರಿಕೊಂಡಿದೆ, ಅದಕ್ಕೇ ಅಂದರು. ಯಾವುದು ಬೇಡ ಅಂತ ನನ್ನನ್ನು ತಂದರೋ ಅದೇ ಈಗ ಅವರ ಪ್ರಾಣ ಉಳಿಸೋಕೆ ಬೇಕಾಗಿತ್ತು. ಅತ್ತಿಗೆ ನನ್ನ ಕಡೆ ತಿರುಗಿ ನೋಡಿದರು.

ಮೊದಲು ಇವರ ಹಳೇ ಮಜ್ಜೆಯನ್ನು ಔಷಧಿ ಹಾಕಿ ಸುಟ್ಟರು. ಕೂದಲೆಲ್ಲ ದಿಂಬಿನ ಮೇಲೆ. ಒಂಟಿ ಕೋಣೆಯಲ್ಲಿ ಹಾಕಿದರು, ಮೂಗು ಬಾಯಿ ಕಟ್ಟಿಕೊಂಡು ಒಬ್ಬರು ಮಾತ್ರ ಒಳಗೆ ಹೋಗಬಹುದಿತ್ತು. ಆ ಒಬ್ಬಳು ನಾನು. ಮಜ್ಜೆ ಹಾಕೋದು ದೊಡ್ಡ ಆಪರೇಷನ್ನು ಅಂದುಕೊಂಡಿದ್ದೆ. ಏನೂ ಇಲ್ಲ, ಮಾಮೂಲಿ ರಕ್ತದ ಹಾಗೆ ಕೆಂಪಗೆ, ಕೊಂಚ ಗಟ್ಟಿ, ಬಾಟ್ಲಿಯಿಂದ ಕೈಯ ನರಕ್ಕೆ ಇಳಿಯಿತು. ಅದು ಖಾಲಿಯಾಗುವವರೆಗೂ ನಾನು ಅದನ್ನೇ ನೋಡುತ್ತಾ ಕೂತಿದ್ದೆ. ಅವರು ಉಳಿಯಲಿ ಅಂತ ದೇವರಿಗೆ ಕೈ ಮುಗಿಯುತ್ತಿದ್ದೆ, ಅದೇ ಹೊತ್ತಿಗೆ, ಅಯ್ಯೋ, ಇಳೀತಾ ಇದಾಳಲ್ಲ, ಇಳಿದೇಬಿಟ್ಟಳಲ್ಲ ಅಂತ ಎದೆ ಉರಿಯುತ್ತಿತ್ತು.

ಅವಳು ಹೆಂಗಸರ ವಾರ್ಡಿನಲ್ಲಿ ಬೋರಲು ಮಲಗಿದ್ದಳು. ಸೊಂಟದ ಎರಡೂ ಕಡೆ ಸೂಜಿ ಚುಚ್ಚಿ ಚುಚ್ಚಿ ತೆಗೆದಿದ್ದರಂತೆ, ತಿರುಗಿ ಮಲಗೋಕಾಗುತ್ತಿರಲಿಲ್ಲ. ನೋವಾಗ್ತಿದೆಯಾ ಅಂದರೆ ಅದಕ್ಕೇನಂತೆ ಅತ್ತೆ ಅಂದಳು. ಮುಖದ ಮೇಲೆ ಬೆವರಿತ್ತು, ಕಣ್ಣಲ್ಲಿ ಏನೋ ಗೆದ್ದವಳ ಕಳೆ. ಆ ನೋವು ನನಗೆ ಬೇಕಾಗಿತ್ತು. ಒಂದು ಕಾಫಿ ತಂದುಕೊಟ್ಟೆ, ಸಕ್ಕರೆ ಹಾಕಿಸೋದು ಮರೆತೆ ಅಂತ ಆಮೇಲೆ ನೆನಪಾಯಿತು.

ಮಜ್ಜೆ ಹಿಡಿಯಿತು. ಡಾಕ್ಟರು ಕುಣಿಯೋದೊಂದು ಬಾಕಿ. ಸೂಕ್ಷ್ಮದರ್ಶಕದಲ್ಲಿ ನೋಡಿದ್ದಾರಂತೆ, "ನಿಮ್ಮ ಯಜಮಾನರ ಮೈಯಲ್ಲಿ ಈಗ ಓಡ್ತಿರೋದು ಹೆಣ್ಣಿನ ರಕ್ತ ಅಮ್ಮಾ, ಅನುಮಾನವೇ ಇಲ್ಲ" ಅಂತ ಸಂತೋಷದ ಸುದ್ದಿಯ ಹಾಗೆ ನನಗೇ ಬಂದು ಹೇಳಿದರು. ರಕ್ತದ ಗುಂಪೂ ಬದಲಾಗುತ್ತೆ ಅಂದರು. ಬದಲಾಯಿತು ಕೂಡ. ಇವರು ತಮಾಷೆಗೆ, ನನ್ನೊಳಗೆ ಅವಳೇ ಓಡಾಡ್ತಿದಾಳೆ, ಹುಷಾರಾಗಿರು ಅಂದರು. ಅವತ್ತು ಸಂಜೆಯವರೆಗೂ ನಾನು ಅವರ ಜೊತೆ ಮಾತಾಡಲಿಲ್ಲ. ಸಾವಿನ ಬಾಯಿಂದ ಬಂದ ಗಂಡನ ಮೇಲೆ ಮುನಿಸಿಕೊಂಡ ಹೆಂಗಸು ಆ ಆಸ್ಪತ್ರೆಯಲ್ಲಿ ನಾನೊಬ್ಬಳೇ ಇರಬೇಕು.

ಸ್ವಲ್ಪ ದಿನಕ್ಕೆ ಅಂಗೈ ಅಂಗಾಲು ಕೆಂಪಗಾದವು. ಆಮೇಲೆ ಹೊಟ್ಟೆ ಕೆಟ್ಟಿತು. ಮೊದಲು ಹಸಿರು ನೀರು, ಆಮೇಲೆ ರಕ್ತ. ಕರುಳನ್ನು ಯಾರೋ ಹಿಂಡುತ್ತಿದ್ದಾರೆ ಅಂತ ಮಂಚದ ಕಂಬಿ ಹಿಡಿದು ಒದ್ದಾಡೋರು. ನೀರು ಕುಡಿದರೂ ನಿಲ್ಲದು. ನಾನು ಬೇದಿ ಅಂದುಕೊಂಡೆ, ಆಸ್ಪತ್ರೆಯ ಊಟದ ತಪ್ಪು ಅಂದುಕೊಂಡೆ. ಡಾಕ್ಟರ ಮುಖ ಬಿದ್ದುಹೋಗಿತ್ತು. ಇದನ್ನ ಪುಸ್ತಕದಲ್ಲಿ ಓದಿದ್ದೆ, ಕಣ್ಣಲ್ಲಿ ನೋಡ್ತಿರೋದು ಇದೇ ಮೊದಲು ಅಂದರು. ಹೊಸದಾಗಿ ಬಂದ ರಕ್ತ ಈ ಮೈಯನ್ನು ತನ್ನದಲ್ಲ ಅಂದುಕೊಂಡು, ಶತ್ರು ಅಂತ ತಿಳಿದು, ಒಳಗಿನಿಂದಲೇ ಹೊಡೆಯುತ್ತಿದೆಯಂತೆ. ಕರುಳಿನ ಒಳಪದರ ಕಿತ್ತು ಬರ್ತಿದೆ ಅಂದರು. ಎಷ್ಟೇ ಹೊಂದಿಕೆಯಾಗಿದ್ದರೂ ಒಮ್ಮೊಮ್ಮೆ ಹೀಗಾಗುತ್ತೆ, ಯಾರಿಗೆ ಆಗುತ್ತೆ ಅಂತ ಹೇಳೋಕಾಗಲ್ಲ ಅಂದರು.

ನಾನು ಹೊರಗೆ ಬಂದೆ. ಅವಳು ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದಳು, ಪಕ್ಕದಲ್ಲಿ ದೇವನಹಳ್ಳಿಯ ಒಂದು ಚಕ್ಕೋತ. ಮಾವನಿಗೆ ಇಷ್ಟ ಅಂತ ತಂದಿದ್ದಳು. ಹಸಿ ಹಣ್ಣು ಒಳಗೆ ಬಿಡಲ್ಲ, ತಗೊಂಡು ಹೋಗು ಅಂದೆ. ಹೇಳೋಕೆ ಸುಖವಾಯಿತು. ಆಮೇಲೆ ಬಾಯಿಗೆ ಬಂದಿದ್ದೂ ಬಂದುಬಿಟ್ಟಿತು.

"ಇಷ್ಟು ವರ್ಷ ನಿನ್ನ ಹೊಟ್ಟೇಲಿ ಇಟ್ಕೊಂಡಿದ್ದ ಸಿಟ್ಟು ಈಗ ಅವರ ಹೊಟ್ಟೆಗೆ ಹೋಗಿದೆ. ನಿನ್ನ ರಕ್ತಾನೇ ಅವರನ್ನ ತಿಂತಿರೋದು, ಗೊತ್ತಾ?"

ಅವಳು ಅಳಲಿಲ್ಲ. ಚಕ್ಕೋತವನ್ನು ಮಡಿಲಿಗೆ ತೆಗೆದುಕೊಂಡು ಅದರ ಮೇಲೆ ಕೈಯಾಡಿಸುತ್ತಾ, "ಸಿಟ್ಟಿದ್ದಿದ್ರೆ ಹೊರಗಿದ್ದಾಗಲೇ ತೀರಿಸ್ಕೋತಿದ್ದೆ ಅತ್ತೆ" ಅಂದಳು.

ನಾನು ಅಂದ ಮಾತು ಅತ್ತಿಗೆಯ ಕಿವಿಗೆ ಬಿತ್ತು. ಅವರು ರೇಗಲಿಲ್ಲ, ಕೂತು ಯೋಚನೆ ಮಾಡಿದರು. ರಕ್ತ ಜಗಳ ಆಡ್ತಿದೆ ಅಂದರೆ ಲೆಕ್ಕ ಬಾಕಿ ಉಳಿದಿದೆ ಅಂತ ಅವರಿಗೆ ಹೊಳೆಯಿತು. ಮದುವೆಯಲ್ಲಿ ಸೀರೆ ಉಡಿಸಲಿಲ್ಲ, ಹುಡುಗಿ ಬಾಯಲ್ಲಿ ಬಿಟ್ಟೆ ಅನ್ನಿಸಲಿಲ್ಲ. ಹಕ್ಕಿನವಳ ರಕ್ತ ಹಕ್ಕು ಕೇಳ್ತಿದೆ, ಈಗಲಾದರೂ ಶಾಸ್ತ್ರ ಮುಗಿಸು ಅಂದರು. ಸೀರೆ ಎಸೆದಿದ್ದವರೇ ಈಗ ಸೀರೆ ತಾ ಅಂದರು. ನಾನು ಎಸ್ಸೆಸ್ಸೆಲ್ಸಿ ಓದಿದವಳು, ಇದೆಲ್ಲ ನಂಬೋಳಲ್ಲ. ಆದರೂ ಮಧ್ಯಾಹ್ನದ ಹೊತ್ತಿಗೆ ಚಿಕ್ಕಪೇಟೆಯಲ್ಲಿದ್ದೆ. ಅವಳ ಮೈಬಣ್ಣಕ್ಕೆ ಒಂಚೂರೂ ಒಪ್ಪದ ಬಣ್ಣ ಬೇಕು ಅಂತ ಹುಡುಕಿ ಸಾಸಿವೆ ಹಳದಿಯದೊಂದು ಆರಿಸಿದೆ.

ಆಸ್ಪತ್ರೆಯ ಕಾಂಪೌಂಡಿನಲ್ಲಿ ಒಂದು ಹೊಂಗೆ ಮರದ ಕೆಳಗೆ ಶಾಸ್ತ್ರ ನಡೆಯಿತು. ಅತ್ತಿಗೆ ಎಲೆ ಅಡಿಕೆ, ಕುಂಕುಮ ತಂದಿದ್ದರು. ಪಕ್ಕದಲ್ಲಿ ಯಾರೋ ಬುತ್ತಿ ಬಿಚ್ಚಿ ಊಟ ಮಾಡುತ್ತಿದ್ದರು. ಅವಳು ಉಟ್ಟ ಸೀರೆಯ ಮೇಲೇ ಆ ಸೀರೆಯನ್ನು ಹೆಗಲಿಗೆ ಹೊದ್ದುಕೊಂಡು ನನ್ನ ಎದುರಿಗೆ ನಿಂತಳು. ನಾನು ಎಲೆ ಅಡಿಕೆ ಮುಂದೆ ಹಿಡಿದೆ. ಅವಳು ತಗೊಳ್ಳಲಿಲ್ಲ. ಬಹಳ ಹೊತ್ತು ತಗೊಳ್ಳಲಿಲ್ಲ. ಈ ಶಾಸ್ತ್ರ ಬರೀ ಬಾಯಿಮಾತಲ್ಲ, ಅವಳು ನಿಜವಾಗಿ ಏನನ್ನೋ ತೂಗುತ್ತಿದ್ದಾಳೆ ಅಂತ ಆಗ ಗೊತ್ತಾಯಿತು.

"ಇವತ್ತಿನವರೆಗೂ ಬಿಟ್ಟಿರ್ಲಿಲ್ಲ ಅತ್ತೆ," ಅಂದಳು. "ಈಗ ಬಿಟ್ಟೆ. ಮಾವ ಉಳ್ಕೊಳ್ಲಿ."

ಹನ್ನೆರಡು ವರ್ಷ ನಾನು ಅನುಮಾನಪಟ್ಟಿದ್ದೆ. ಅನುಮಾನ ಬೇರೆ, ಅವಳ ಬಾಯಿಂದಲೇ ಕೇಳಿಸಿಕೊಳ್ಳೋದು ಬೇರೆ. ನನ್ನ ಮದುವೆ ಅಲ್ಲಿ, ಹೊಂಗೆ ಮರದ ಕೆಳಗೆ, ಅವಳು ಒಪ್ಪಿದ ಮೇಲೆ ಆದ ಹಾಗಾಯಿತು. ಅದೂ ಹೋಗಲಿ, ಆ ಹಾಳು ಸಾಸಿವೆ ಹಳದಿ ಅವಳಿಗೆ ಎಷ್ಟು ಒಪ್ಪಿತ್ತು ಅಂದರೆ ಬುತ್ತಿ ಉಣ್ಣುತ್ತಿದ್ದ ಹೆಂಗಸು ಎಲ್ಲಿ ತಗೊಂಡ್ರಿ ಅಂತ ಕೇಳಿದಳು.

ಅವರ ಕರುಳು ಮೆಲ್ಲಗೆ ತಹಬಂದಿಗೆ ಬಂತು. ಡಾಕ್ಟರು ದೊಡ್ಡ ಮಾತ್ರೆಗಳ ಮಹಿಮೆ ಅಂದರು, ಅತ್ತಿಗೆ ಸೀರೆಯ ಮಹಿಮೆ ಅಂದರು. ನಾನು ಮಾತ್ರೆಯ ಪಕ್ಷ. ಆ ಮಾತ್ರೆಗೆ ಗುಂಡಗೆ ಊದಿಕೊಂಡ ಮುಖ ಹೊತ್ತು ಅವರು ಮನೆಗೆ ಬಂದರು. ಹೊಟ್ಟೆಗೆ ಏನು ಹಾಕಿದರೂ ಭಯ. ನಾನು ಅನ್ನದ ಗಂಜಿ ಮಾಡಿ, ಬಟ್ಟೆಯಲ್ಲಿ ಸೋಸಿ ಕೊಟ್ಟೆ, ನಿಲ್ಲಲಿಲ್ಲ. ಅವಳು ಬಾಲವಾಡಿ ಮಕ್ಕಳಿಗೆ ಮಾಡೋ ಹಾಗೆ ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ ಹುರಿದು, ಬೀಸಿ, ಗಂಜಿಯಂಥ ಸರಿ ಕಾಸಿ ತಂದಳು. ನಿಂತಿತು. ಮಾಡೋ ರೀತಿ ಕೇಳಿಕೊಂಡು ಮಾರನೇ ದಿನ ನಾನೇ ಮಾಡಿದೆ, ಅದೇ ರಾಗಿ, ಅದೇ ಒಲೆ. ಅವರು ಎರಡು ಚಮಚ ಕುಡಿದು, ಇದು ನಿಂದಾ ಅಂತ ಕೇಳಿದರು. ಅವಳದೇ ಅಂದೆ. ಪೂರ್ತಿ ಕುಡಿದರು.

ಒಂದು ವರ್ಷ ಚೆನ್ನಾಗಿದ್ದರು. ಕಾರ್ಖಾನೆಗೂ ಹೋದರು. ಆಮೇಲೆ ಒಣ ಕೆಮ್ಮು ಹತ್ತಿತು. ತೋಟಕ್ಕೆ ನಡೆದರೆ ಏದುಸಿರು, ಕೊನೆಕೊನೆಗೆ ಬಚ್ಚಲಿಗೆ ನಡೆದರೂ ಏದುಸಿರು. ಎದೆಯಲ್ಲಿ ಸಿಳ್ಳೆ. ಕ್ಷಯ ಅಂತ ಊರವರು ದೂರ ಸರಿದರು. ಎಕ್ಸ್‌ರೇ ನೋಡಿದರೆ ಶ್ವಾಸಕೋಶ ತೊಳೆದಿಟ್ಟ ಬಟ್ಟಲಿನ ಹಾಗಿದೆ, ಏನೂ ಇಲ್ಲ. ಒಳಗೆ ಹೋದ ಉಸಿರು ಹೊರಗೆ ಬರೋದಿಲ್ಲ, ಅಷ್ಟೇ. ಡಾಕ್ಟರಿಗೆ ಹೆಸರು ಗೊತ್ತಿರಲಿಲ್ಲ. ಹೊರದೇಶದಲ್ಲೂ ಇನ್ನೂ ಯಾರೂ ಇದಕ್ಕೆ ಹೆಸರಿಟ್ಟಿಲ್ಲ ಅಂದರು. ಕರುಳಲ್ಲಿ ಆಗಿದ್ದೇ ಶ್ವಾಸದ ಸಣ್ಣ ಕೊಳವೆಗಳಿಗೂ ಆಗ್ತಿರಬಹುದು, ಅವೆಲ್ಲ ಮುಚ್ಚಿಕೊಂಡು ಹೋಗ್ತಿರಬಹುದು ಅಂದರು. ಊದೋ ಅಭ್ಯಾಸ ಮಾಡಿಸಿ ಅಂದರು.

ಅವಳು ಬಾಲವಾಡಿಯಿಂದ ಗಾಳಿಗೆ ತಿರುಗೋ ಕಾಗದದ ಚಕ್ರ ಮಾಡಿಕೊಂಡು ಬಂದಳು. ದಿನಾ ಸಂಜೆ ಅವರ ಎದುರು ಕೂತು, "ಊದು ಮಾವ" ಅನ್ನೋಳು. ಮೊದಮೊದಲು ಒಂದು ಮೊಳ ದೂರದಿಂದ ತಿರುಗಿಸೋರು. ಆಮೇಲೆ ಗೇಣು ದೂರ. ಅವಳು ಹಿಡಿದ ಜಾಗದಿಂದ ಕದಲಿಸುತ್ತಿರಲಿಲ್ಲ, ತಿರುಗದಿದ್ದರೆ ನಾಳೆ ಊದಿದರಾಯಿತು ಅನ್ನೋಳು. ಒಂದು ದಿನ ನಾನೇ ಅವಳ ಕೈಯಿಂದ ಕಿತ್ತುಕೊಂಡೆ. ನಾನು ಹಿಡಿದರೆ ತಿರುಗಿತು. ಮೂಗಿನ ಹತ್ತಿರ ಹಿಡಿದರೆ ತಿರುಗದೆ ಏನು ಮಾಡುತ್ತೆ. ಅವರು ನಕ್ಕರು, ನನ್ನ ಕಡೆ ನೋಡಿ ನಕ್ಕರು. ಅದು ನನಗೆ ಸಾಕಾಗಿತ್ತು.

ಒಂದು ಬೆಳಿಗ್ಗೆ, ದ್ರಾಕ್ಷಿ ಸವರೋ ಕಾಲದಲ್ಲಿ, ಹೋದರು. ಅವಳು ಬಾಲವಾಡಿಯಲ್ಲಿದ್ದಳು. ಪಕ್ಕದಲ್ಲಿ ಕೂತು ಬೆನ್ನು ನೀವುತ್ತಿದ್ದವಳು ನಾನು. ಕೊನೇ ಉಸಿರು ನನ್ನ ಕೈಯಲ್ಲೇ ಹೋಯಿತು. ಇಷ್ಟರಲ್ಲಿ ಅದೊಂದು ನನಗೇ ಅಂತ ಸಿಕ್ಕಿತು.

ತಿಥಿಯ ದಿನ ಹೆಂಗಸರು ನನ್ನನ್ನು ಬಾವಿ ಕಟ್ಟೆಯ ಹತ್ತಿರ ಕೂರಿಸಿ, ಹೂ ಮುಡಿಸಿ, ಅರಿಶಿನ ಹಚ್ಚಿ, ಆಮೇಲೆ ಒಂದೊಂದೇ ತೆಗೆದರು. ಬಳೆಗಳನ್ನು ಕಲ್ಲಿಗೆ ಬಡಿದು ಒಡೆದರು. ಸುತ್ತ ಎಲ್ಲರೂ ಅಳುತ್ತಿದ್ದರು. ನಾನು ತಲೆ ಎತ್ತಿದಾಗ ಅವಳು ಗುಂಪಿನ ಹಿಂದೆ ಸೀತಾಫಲದ ಗಿಡದ ಹತ್ತಿರ ನಿಂತಿದ್ದಳು. ಒಂದೊಂದಾಗಿ ತನ್ನ ಕೈಯ ಗಾಜಿನ ಬಳೆಗಳನ್ನು ಬಿಚ್ಚುತ್ತಿದ್ದಳು. ಬಿಚ್ಚಿ ಸೆರಗಿನ ತುದಿಗೆ ಕಟ್ಟಿಕೊಂಡಳು. ಯಾರೂ ನೋಡಲಿಲ್ಲ. ನಾನು ನೋಡಿದೆ.

ಮದುವೆಯಾಗದ ಹೆಣ್ಣು ಬರಿಗೈಯಲ್ಲಿ ಇರಬಾರದು ಅಂತ ಅತ್ತಿಗೆ ಬೈದರು. ಬಾಲವಾಡಿ ಮಕ್ಕಳು ಎಳೆದಾಡಿ ಒಡೆದು ಹಾಕ್ತಾವೆ, ಇನ್ನು ಬೇಡಮ್ಮ ಅಂದಳು. ಊರು ನಂಬಿತು. ವಾರಗಟ್ಟಲೆ ಬರಿಗೈಯಲ್ಲಿ ಸೈಕಲ್ ಹ್ಯಾಂಡಲ್ ಹಿಡಿದು ನಮ್ಮ ಮನೆ ಮುಂದೆ ಹಾದು ಹೋಗೋಳು. ಬರಿ ಹಣೆಯಲ್ಲಿ ಜಗಲಿಯ ಮೇಲೆ ಕೂತ ನಾನು ಅವಳ ಬರಿಗೈ ನೋಡುತ್ತಿದ್ದೆ. ನನಗೆ ಗಂಡ ಹೋಗಿದ್ದಕ್ಕಿಂತ ಅದೇ ಹೆಚ್ಚು ಚುಚ್ಚುತ್ತಿತ್ತು ಅಂದರೆ ನೀವು ಏನಾದರೂ ಅಂದುಕೊಳ್ಳಿ.

ದೇವನಹಳ್ಳಿ ಸಂತೆಗೆ ಹೋದೆ. ಬಳೆ ಮಾರುವವನು ನನ್ನ ಹಣೆ ನೋಡಿ ಯಾರಿಗಮ್ಮ ಅಂದ. ಮನೆಯ ಹುಡುಗಿಗೆ ಅಂದೆ. ಎರಡು ಡಜನ್ ಹಸಿರು ಗಾಜಿನ ಬಳೆ ಕಟ್ಟಿಸಿಕೊಂಡು ಬಸ್ಸಿಳಿದು ನೇರ ಬಾಲವಾಡಿಗೆ ನಡೆದೆ. ಮಕ್ಕಳು ಉಪ್ಪಿಟ್ಟು ತಿನ್ನುತ್ತಿದ್ದವು. ಅವಳು ಒಲೆಯ ಮುಂದೆ ಕೂತಿದ್ದಳು. ಎದುರಿಗೆ ಕೂತು ಅವಳ ಎಡಗೈ ಹಿಡಿದುಕೊಂಡೆ. ಅವಳಿಗೆ ತಕ್ಷಣ ಅರ್ಥವಾಯಿತು, ಕೈ ಎಳೆದುಕೊಂಡಳು. ನಾನು ಬಿಡಲಿಲ್ಲ.

"ತಾಳಿ ಕಟ್ಟಿಸ್ಕೊಂಡೋಳು ನಾನು, ಕಿತ್ತಿಟ್ಟೋಳೂ ನಾನು," ಅಂದೆ. "ಅವರ ರಕ್ತ ನಿಂದಾಗಿತ್ತು, ಇರ್ಲಿ. ಇದರಲ್ಲಿ ಮಾತ್ರ ನಿನಗೆ ಪಾಲು ಕೊಡಲ್ಲ."

ಒಂದೊಂದೇ ಬಳೆ ಏರಿಸಿದೆ. ಅವಳ ಕೈ ದೊಡ್ಡದು, ಬೆರಳಿನ ಗೆಣ್ಣು ದಾಟಿಸುವಾಗ ಎರಡು ಒಡೆದವು, ಚರ್ಮ ಗೀರಿ ರಕ್ತ ಒಸರಿತು. ನನ್ನ ಸೆರಗಿನಿಂದ ಒತ್ತಿ ಹಿಡಿದೆ. ಅದು ಯಾರ ರಕ್ತ ಅಂತ ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಬಹಳ ಹೊತ್ತು ಹಾಗೇ ಒತ್ತಿ ಹಿಡಿದುಕೊಂಡಿದ್ದೆ. ಅವಳು ಅದಕ್ಕೇನಂತೆ ಅನ್ನಲಿಲ್ಲ. ಇನ್ನೊಂದು ಕೈಯನ್ನು ತಾನೇ ಮುಂದೆ ಚಾಚಿದಳು.

ಆ ಕೈಗೂ ತೊಡಿಸಿ ಎದ್ದು ಬಂದೆ. ಬೂದಿಗೆರೆಯಲ್ಲಿ ಅವರ ಹೆಸರಿಗೆ ವಿಧವೆ ಅಂತ ಇದ್ದವಳು ನಾನೊಬ್ಬಳೇ.